ಎಡದಿಂದ ನಾಲ್ಕನೆಯವಳು

ಮಿಲ್ಡುರಾದ ಡಿಸೆಂಬರು. ಹೊರಗೆ ನಲವತ್ತೊಂದು ಡಿಗ್ರಿ.
ರಾಯಚೂರಲ್ಲಿ ಹುಟ್ಟಿದವಳು ನಾನು, ಬಿಸಿಲಿನ ಬಗ್ಗೆ
ಯಾರಿಂದಲೂ ಪಾಠ ಹೇಳಿಸಿಕೊಂಡವಳಲ್ಲ.
ಆದರೂ ಕಾರಿನ ಸ್ಟಿಯರಿಂಗು ಮುಟ್ಟಲಾಗದೆ
ಇಳಕಲ್ಲಿನ ಸೆರಗು ಸುತ್ತಿ ಹಿಡಿದುಕೊಂಡು ಬಂದೆ
ಈ ಹಾಲಿಗೆ, ಹಿಮ ಬೀಳುವುದನ್ನು ನೋಡಲು.

ಟಿಕೆಟ್ಟಿಗೆ ಹನ್ನೆರಡು ಡಾಲರು. ಬೇಡ ಅಂದಿದ್ದಳು ಗ್ಲೆನಿಸ್.
ಹಟ ಹಿಡಿದು ಅವಳ ಏಪ್ರನ್ನಿನ ಜೇಬಿಗೆ ತುರುಕಿದ್ದೆ.
ಸ್ನೇಹ ಬೇರೆ, ಲೆಕ್ಕ ಬೇರೆ, ಅನ್ನುತ್ತಿದ್ದಳು ನಮ್ಮವ್ವ.

ಮಡಿಸುವ ಕುರ್ಚಿಗಳು, ತಗಡಿನ ಮಾಡು,
ಮೂರು ಫ್ಯಾನು, ಅದರಲ್ಲೊಂದಕ್ಕೆ ಕೆಮ್ಮು.
ಪಕ್ಕದಲ್ಲಿ ಅವಳ ಗಂಡ ಡಗ್, ಇಸ್ತ್ರಿ ಮಾಡಿದ ಚಡ್ಡಿ,
ತೊಡೆಯ ಮೇಲೊಂದು ಐಸ್‌ಪೆಟ್ಟಿಗೆ.
ಹೂವು ತರಲಿಲ್ಲವಾ ಅಂತ ಕೇಳಿದೆ.
'ಬಟಾಣಿ ತಂದಿದೀನಿ' ಅಂದ. 'ಫ್ರೀಜರಿನದು.
ಆಮೇಲೆ, ಅವಳ ಮಂಡಿಗೆ.'

ಹನ್ನೊಂದು ವರ್ಷ ನಾನೂ ಅವಳೂ ಒಂದೇ ಬೆಲ್ಟಿನ ಮುಂದೆ
ಒಣದ್ರಾಕ್ಷಿ ಆರಿಸಿದವರು. ಕಡ್ಡಿ, ಕಲ್ಲು, ಕೊಳೆತದ್ದು
ಬೆರಳು ತಾನಾಗಿ ಹೆಕ್ಕುತ್ತಿತ್ತು,
ಬಾಯಿ ತಾನಾಗಿ ಆಡುತ್ತಿತ್ತು.
ಕೆಳಗೆ ಅವಳ ಕಾಲು ಮಾತ್ರ ನಿಂತಲ್ಲಿ ನಿಂತದ್ದಿಲ್ಲ:
ಹಿಮ್ಮಡಿ ಏಳುವುದು, ಇಳಿಯುವುದು,
ಒಂದು ಪಾದ ಮೆಲ್ಲಗೆ ಹೋಗಿ
ಇನ್ನೊಂದರ ಬೆನ್ನಿಗೆ ಆತು ನಿಲ್ಲುವುದು.
ಉಚ್ಚೆಗೆ ಅವಸರವೇನೋ ಅಂದುಕೊಂಡು
ಎಷ್ಟು ಸಲ ಹೇಳಿಲ್ಲ ನಾನು: ಹೋಗಿ ಬಾರೇ,
ನಿನ್ನ ಪಾಲಿಂದೂ ನೋಡಿಕೊಳ್ಳುತೀನಿ.
ಪಾಪ, ಹೋಗುತ್ತಿದ್ದಳು. ನಗುತ್ತ.
ಸುಮ್ಮನೆ ಕೈ ತೊಳೆದು ಬರುತ್ತಿದ್ದಳು.

ಪರದೆ ಅರ್ಧಕ್ಕೆ ಸಿಕ್ಕಿಕೊಂಡು, ಯಾರೋ ಎಳೆದು,
ಆಮೇಲೆ ಸರಿಯಿತು. ಕತೆ ಇಷ್ಟೇ:
ಒಂದು ಒಂಟಿ ಮರಕ್ಕೆ ಹಿಮ ಬೇಕಂತೆ.
ಗಾಳಿಯ ವೇಷದ ಆರು ಮಕ್ಕಳು ತರಲು ಹೋದವು,
ಅದರಲ್ಲೊಂದು ಗಾಳಿ ಅಮ್ಮನನ್ನು ಕಂಡು
ಅಳುತ್ತ ಕೆಳಗಿಳಿದುಬಿಟ್ಟಿತು.

ಕೊನೆಗೂ ಬಂದವು ಎಂಟು ಹಿಮದ ಹಳಕು.
ಏಳಕ್ಕೆ ಇನ್ನೂ ಹದಿನೆಂಟು ತುಂಬಿಲ್ಲ.
ಎಡದಿಂದ ನಾಲ್ಕನೆಯದಕ್ಕೆ ಐವತ್ತೆಂಟು,
ಸಡಿಲ ರಟ್ಟೆ, ಬಿಳಿ ಕಾಲುಚೀಲದ ಒಳಗೆ
ಬಳ್ಳಿಯಂತೆ ಹಬ್ಬಿದ ನೀಲಿ ನರ.
ಹಿಮ್ಮಡಿ ಎದ್ದಿತು.
ಒಂದು ಪಾದ ಮೆಲ್ಲಗೆ ಹೋಗಿ

ಅಯ್ಯೋ ಶಿವನೇ, ಇದಾ!
ಹನ್ನೊಂದು ವರ್ಷ ನಾನು ಹರಟಿದ್ದು
ಅವಳ ಅರ್ಧದ ಜೊತೆ.
ಉಳಿದರ್ಧ ಬೆಲ್ಟಿನ ಕೆಳಗೆ, ಕತ್ತಲಲ್ಲಿ, ತಾಲೀಮಿನಲ್ಲಿತ್ತು.

ಆಗಲೇ ಎಲ್ಲರೂ ಬಲಕ್ಕೆ ತಿರುಗಿದರು, ಅವಳು ಎಡಕ್ಕೆ.
ಡಗ್ ಐಸ್‌ಪೆಟ್ಟಿಗೆಯನ್ನು ಬಿಗಿಯಾಗಿ ಹಿಡಿದ.
ಅವಳು ಗಾಬರಿಯಾಗಲಿಲ್ಲ. ತನ್ನ ಸುತ್ತು ತಾನು ಮುಗಿಸಿ,
ಪಂಕ್ತಿಗೆ ತಡವಾಗಿ ಬಂದವಳು
ಖಾಲಿ ಎಲೆ ಹುಡುಕಿ ಕೂತ ಹಾಗೆ
ಸಾಲಿಗೆ ಬಂದು ಸೇರಿದಳು.

ಮೇಲಿನಿಂದ ಹಿಮ ಬಿತ್ತು. ಟೀ ವಿರಾಮದಲ್ಲಿ
ನಾವಿಬ್ಬರೇ ಕತ್ತರಿಸಿದ ಹಳೆಯ ಪೊಟ್ಟಣದ ಕಾಗದ.
ನನ್ನ ಮಡಿಲಿಗೆ ಬಿದ್ದ ಚೂರಿನ ಬೆನ್ನಲ್ಲಿ
ನೇರಳೆ ಬಣ್ಣದ ಅರ್ಧ ದ್ರಾಕ್ಷಿ.

ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದಳು, ಮಂಡಿಗೆ ಬಟಾಣಿ,
ಮುಖದ ಬಿಳಿ ಬಣ್ಣ ಬೆವರಿಗೆ ಕರಗಿ ಕೊರಳಿಗಿಳಿದಿತ್ತು.
'ಕಂಡಿತಾ?'
'ಏನು?'
'ಎಡಕ್ಕೆ ಹೋದದ್ದು.'
'ಉಳಿದ ಏಳು ಜನ ಬಲಕ್ಕೆ ಹೋದದ್ದು ಕಂಡಿತು' ಅಂದೆ.
ನಕ್ಕಳು. ಎಷ್ಟು ನಕ್ಕಳೆಂದರೆ
ಬಟಾಣಿಯ ಚೀಲ ಜಾರಿ ಮೆಟ್ಟಿಲ ಕೆಳಗೆ ಹೋಯಿತು.
ನಾನೇ ಹೆಕ್ಕಿ ತಂದೆ. ರೂಢಿ.

ರಾತ್ರಿ ಮನೆಯಲ್ಲಿ ದೀಪ ಹಾಕದೆ,
ಅಡಿಗೆಕಟ್ಟೆ ಹಿಡಿದು, ಯಾರೂ ಇಲ್ಲವೆಂದು ನೋಡಿ,
ನಾನೂ ಹಿಮ್ಮಡಿ ಎತ್ತಿದೆ.
ಮೂರು ಎಣಿಸುವಷ್ಟರಲ್ಲಿ
ಮೀನಖಂಡ ಹಿಡಿದುಕೊಂಡಿತು.